ಬಲಕ್ಕೆ ನೋಡುವ ಗಿಣಿ

ದೊಡ್ಡವ್ವನ ಬೆಳ್ಳಿ ಡಾಬು ಮನೆಗೆ ಬಂದಾಗಿನಿಂದ ಹುಲುಗಮ್ಮ ಬೀರುವಿನ ಕೀಲಿಯನ್ನು ಕೊರಳಿನ ಕರಿದಾರಕ್ಕೆ ಕಟ್ಟಿಕೊಂಡೇ ಮಲಗುತ್ತಿದ್ದಳು. ಮಗ್ಗುಲು ಬದಲಿಸಿದಾಗಲೆಲ್ಲ ಕೀಲಿ ಎದೆಗೆ ಚುಚ್ಚುತ್ತಿತ್ತು. ಚುಚ್ಚಿದರೆ ಒಳ್ಳೆಯದೇ, ಇದೆ ಎಂದು ಗೊತ್ತಾಗುತ್ತದೆ ಎಂದುಕೊಳ್ಳುತ್ತಿದ್ದಳು.

ಬಳ್ಳಾರಿಯ ಕೌಲ್ ಬಜಾರಿನ ಓಣಿಯೊಂದರಲ್ಲಿ ಅವಳೂ ಅವಳ ಅವ್ವನೂ ಒಂದು ಕೋಣೆಯ ಮನೆಯಲ್ಲಿದ್ದರು. ಹೊಲಿದು ಬಂದ ಜೀನ್ಸ್ ಪ್ಯಾಂಟುಗಳಲ್ಲಿ ಉಳಿದ ದಾರದ ತುದಿಗಳನ್ನು ಹುಡುಕಿ ಕತ್ತರಿಸುವುದು ಇಬ್ಬರ ಕೆಲಸ. ಅದಕ್ಕೆ ಬಾಯಿ ಬೇಕಿಲ್ಲ, ಕಣ್ಣಿದ್ದರೆ ಸಾಕು. ಹುಲುಗಮ್ಮನಿಗೆ ಅದು ಸರಿಹೋಗಿತ್ತು. ಎಂಟನೆಯ ತರಗತಿಯಲ್ಲಿ ಎದ್ದು ನಿಂತು ಪಾಠ ಓದು ಎಂದಾಗಲೆಲ್ಲ ಅವಳ ಗಂಟಲು ಕಟ್ಟುತ್ತಿತ್ತು. ಹಿಂದಿನ ಬೆಂಚಿನವರು ನಗುತ್ತಿದ್ದರು. ಒಂದು ದಿನ ಸಾಲೆಗೆ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ, ಅಷ್ಟೇ.

ಫೋನಿನಲ್ಲಿ ವಸ್ತು ಮಾರುವುದನ್ನು ಅವಳು ತಾನಾಗಿಯೇ ಕಲಿತಳು. ಮೊದಲು ಅವ್ವನ ಹಿತ್ತಾಳೆ ಹಂಡೆ, ಆಮೇಲೆ ಪಕ್ಕದ ಮನೆಯವರ ಹಳೆಯ ತೊಟ್ಟಿಲು. ಫೋಟೋ ಹಾಕಬೇಕು, ಕೇಳಿದ್ದಕ್ಕೆ ಟೈಪ್ ಮಾಡಿ ಉತ್ತರ ಕೊಡಬೇಕು. ಯಾರೊಂದಿಗೂ ಮಾತಾಡಬೇಕಿಲ್ಲ. ಕರೆ ಬಂದರೆ ಅವಳು ಎತ್ತುತ್ತಿರಲಿಲ್ಲ.

ಕುರುಗೋಡಿನಲ್ಲಿದ್ದ ದೊಡ್ಡವ್ವ ಹೊನ್ನೂರಮ್ಮನಿಗೆ ಈ ಸುದ್ದಿ ಮುಟ್ಟಿತ್ತು. ಹೊನ್ನೂರಮ್ಮ ಮದುವೆ ಮನೆಗಳಿಗೆ, ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು. ಈಚೆಗೆ ಬಲಗೈ ಮೇಲಕ್ಕೇ ಏಳುತ್ತಿರಲಿಲ್ಲ. ರೊಟ್ಟಿ ಮಾಡುವ ಮಷಿನ್ ತಂದರೆ ಇನ್ನಷ್ಟು ವರ್ಷ ಯಾರ ಮುಂದೆಯೂ ಕೈ ಚಾಚದೆ ಬದುಕಬಹುದು ಎಂದು ಲೆಕ್ಕ ಹಾಕಿ, ತನ್ನ ಬೆಳ್ಳಿ ಡಾಬನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತಂದು ಹುಲುಗಮ್ಮನ ತೊಡೆಯ ಮೇಲೆ ಇಟ್ಟಿದ್ದಳು.

"ಅಕ್ಕಸಾಲಿಗೆ ಕೊಟ್ರ ಕರಗಿಸಿ ಬಿಡ್ತಾನ. ನಮ್ಮಪ್ಪ ಮದಿವ್ಯಾಗ ಮಾಡಿಸಿದ್ದು ಇದು. ಯಾರರ ಹೆಣ್ಮಗಳ ನಡಕ್ಕ ಕುಂದ್ರಬೇಕು. ನಿನ್ನ ಫೋನಿನ್ಯಾಗ ಅಂಥಾಕಿ ಸಿಗ್ತಾಳೇನು ನೋಡು."

"ಇಷ್ಟು ದೊಡ್ಡ ಸಾಮಾನು ನಾ ಎಂದೂ ಮಾರಿಲ್ಲ ದೊಡ್ಡವ್ವ. ನನ್ನ ಕೈಯಾಗ ಆಗ್ತೈತೇನು?"

"ನಿನ್ನ ಕಣ್ಣಿನ ಮ್ಯಾಲ ನಂಬಿಕಿ ಇಟ್ಟು ತಂದೀನಿ. ಬಾಯಿ ಮ್ಯಾಲ ಅಲ್ಲ ಬಿಡು," ಎಂದು ಹೊನ್ನೂರಮ್ಮ ನಕ್ಕಳು. ಆಮೇಲೆ ತಾನೇ ಎದ್ದು ಡಾಬನ್ನು ಹುಲುಗಮ್ಮನ ನಡುವಿಗೆ ಬಿಗಿದು ಕೊಂಡಿ ಹಾಕಿದಳು.

ಎರಡು ಬೆರಳಗಲದ ಪಟ್ಟಿ, ಮುಂದೆ ಅಂಗೈಯಷ್ಟು ಬಿಲ್ಲೆ. ಬಿಲ್ಲೆಯ ಮೇಲೆ ಒಂದೇ ಒಂದು ಗಿಣಿ, ಕೊಕ್ಕು ಹುಲುಗಮ್ಮನ ಬಲಗೈ ಕಡೆಗೆ.

"ಗಿಣಿ ಬಲಕ್ಕ ನೋಡ್ಬೇಕು. ಮದಿವ್ಯಾಗ ಹಸಿಮಣಿ ಮ್ಯಾಲ ಗಂಡ ನಮ್ಮ ಬಲಕ್ಕ ಕುಂತಿರ್ತಾನ, ಹೌದಲ್ಲ? ಗಿಣಿ ಅವನ ಕಡಿ ನೋಡ್ಕೊಂತ ಇರ್ಬೇಕು. ಎಡಕ್ಕ ನೋಡಿದ್ರ ಗಂಡಗ ಬೆನ್ನು ಮಾಡಿದಂಗ. ಅಂಥಾದ್ದು ನಮ್ಮ ಕಡಿ ಯಾರೂ ಮಾಡಿಸಂಗಿಲ್ಲ, ಯಾರೂ ಹಾಕ್ಕೊಳ್ಳಂಗಿಲ್ಲ." ಹೊನ್ನೂರಮ್ಮ ಬಿಲ್ಲೆಯನ್ನು ಸೆರಗಿನಿಂದ ಒರೆಸಿದಳು. "ನಿಮ್ಮ ದೊಡ್ಡಪ್ಪನ ಜೋಡಿ ಜಗಳಾಡಿದ ದಿನ ನಾ ನೋಡದಿದ್ರೂ ಗಿಣಿ ನೋಡ್ತಿತ್ತು ನೋಡವಾ!"

ಹುಲುಗಮ್ಮ ಡಾಬನ್ನು ಚಾಪೆಯ ಮೇಲೆ ಸುರುಳಿ ಮಾಡಿಟ್ಟು ದೂರದಿಂದ ಒಂದೇ ಫೋಟೋ ತೆಗೆದು ಹಾಕಿದಳು. ಅಂದೇ ಸಂಜೆ ವಿರೂಪಾಕ್ಷಿ ಎಂಬ ಹೆಸರಿನವನ ಮೆಸೇಜ್ ಬಂತು. ಅವನ ಮುಖವಿರಬೇಕಾದ ಜಾಗದಲ್ಲಿ ಒಂದು ಕೆಂಪು ಕಾರಿತ್ತು. ಊರು ಸಿರುಗುಪ್ಪ.

"ತಂಗಿ, ಡಾಬು ಐತೇನು?"

"ಐತ್ರಿ."

"ಬೆಳ್ಳಿ ಹೌದಲ್ಲ? ನಾಳಿ ಕಪ್ಪಾದ್ರ ನಿಮ್ಮನಿ ಮುಂದ ಬಂದು ಕುಂದ್ರತೀನಿ."

ಮೊದಲ ಮಾತಿಗೇ ಹೀಗೆ. ರೇಟು ಜಾಸ್ತಿ ಎಂದ. ಹಳೆಯದು ಎಂದ. ಹಳೆಯದಾದರೆ ಯಾಕೆ ಇಷ್ಟು ಹೊಳೆಯುತ್ತದೆ ಎಂದ. ಮೇಲಿಂದ ಮೇಲೆ ಕರೆ ಮಾಡಿದ. ಅವಳು ಎತ್ತದಿದ್ದಾಗ, "ಫೋನ್ ಎತ್ತಂಗಿಲ್ಲ, ಎಂಥಾ ವ್ಯಾಪಾರ ನಿಂದು? ಮಾತು ಬರಂಗಿಲ್ಲೇನು?" ಎಂದು ಬರೆದ. ಬೇರೆಯವರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ಆದರೆ ಕರಗಿಸುವ ವ್ಯಾಪಾರಿಗಳನ್ನು ಬಿಟ್ಟರೆ ಕೇಳಿದವನು ಅವನೊಬ್ಬನೇ. ಅವನು "ನಮ್ಮಾಕಿಗೆ ಬೇಕಾಗೈತಿ" ಎಂದು ಬರೆದಿದ್ದ. ಹೆಣ್ಣುಮಗಳ ನಡುವಿಗೆ ಎಂಬ ದೊಡ್ಡವ್ವನ ಮಾತು ನೆನಪಾಗಿ ಹುಲುಗಮ್ಮ ಸಹಿಸಿಕೊಂಡಳು.

ಒಂದು ದಿನ ಹೀಗೆ ಬಂತು: "ಚಾಪಿ ಮ್ಯಾಲ ಇಟ್ರ ಏನ್ ಗೊತ್ತಾಕ್ಕೈತಿ? ನಡಕ್ಕ ಹಾಕ್ಕೊಂಡು ತೋರ್ಸು. ಹೆಂಗ ಕಾಣ್ತೈತಿ ಅಂತ ನಮ್ಮಾಕಿ ಕೇಳಾಕತ್ತಾಳ."

ಅವಳಿಗೆ ಅದು ಹಿಡಿಸಲಿಲ್ಲ. ಮುಖ ಕಾಣದಂತೆ ತೆಗೆದರಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಅವ್ವ ಪ್ಯಾಂಟುಗಳ ಗಂಟು ಹೊತ್ತು ಹೋದ ಮೇಲೆ ಬಾಗಿಲು ಅರ್ಧ ಮುಚ್ಚಿ, ಡಾಬು ಕಟ್ಟಿ, ಬೀರುವಿನ ಕನ್ನಡಿಯ ಮುಂದೆ ನಿಂತಳು. ಮುಖಕ್ಕೆ ಅಡ್ಡವಾಗಿ ಫೋನ್ ಹಿಡಿದು ಕನ್ನಡಿಯಲ್ಲಿ ಕಂಡದ್ದನ್ನು ತೆಗೆದಳು. ಭುಜದಿಂದ ಮೇಲಿನದನ್ನೆಲ್ಲ ಕತ್ತರಿಸಿದಳು. ಬೆನ್ನ ಹಿಂದಿನ ಗೋಡೆಯ ಕ್ಯಾಲೆಂಡರಿನ ಅರ್ಧ ಭಾಗ ಮಾತ್ರ ಉಳಿಯಿತು. ಕಳಿಸಿದಳು.

ಅವನಿಗೆ ಸಾಕಾಗಲಿಲ್ಲ. ಬಿಲ್ಲೆ ಹತ್ತಿರದಿಂದ ಬೇಕು. ಕೊಂಡಿ ಬೇಕು. ಗಿಣಿಯ ರೆಕ್ಕೆ ಬೇಕು. ತೂಕ ಬೇಕು. ಅವಳು ಪ್ರತಿ ಸಲವೂ ಅದೇ ಕನ್ನಡಿಯ ಮುಂದೆ ನಿಂತು ತೆಗೆದು ಕಳಿಸಿದಳು. ಆಮೇಲೆ ಅಮಾವಾಸ್ಯೆ ಕಳೆದು ಹುಣ್ಣಿಮೆ ಬರುವವರೆಗೂ ಅವನ ಸುದ್ದಿಯಿಲ್ಲ.

ಮತ್ತೆ ಬಂದದ್ದು ಬೇರೆಯೇ ಮನುಷ್ಯನ ಮಾತಿನಂತಿತ್ತು. "ತಂಗಿ, ನೀ ಹೇಳಿದ ರೇಟಿಗೇ ಆಗ್ಲಿ. ಸಿರುಗುಪ್ಪಕ್ಕ ತಗೊಂಡ್ ಬಾ. ನಮ್ಮಾಕಿಗೆ ಮೊಣಕಾಲು ನೋವು, ಬಳ್ಳಾರಿತನಕ ಬರಾಕ ಆಗಂಗಿಲ್ಲ."

ಹುಲುಗಮ್ಮ ಅದನ್ನು ಮತ್ತೆ ಮತ್ತೆ ಓದಿದಳು. ಒಂದು ರೂಪಾಯಿಗೂ ಜಗ್ಗಾಡಿದವನು ಈಗ ಎಲ್ಲಕ್ಕೂ ಒಪ್ಪಿದ್ದಾನೆ. ಅವಳು ಬರೆದಳು: "ಕೊಟ್ರಬಸಪ್ಪನೋರ ಬೆಳ್ಳಿ ಅಂಗಡಿಗೆ ಬರ್ರಿ. ನಮ್ಮ ದೊಡ್ಡವ್ವಗ ಗುರ್ತದೋರು. ಅಲ್ಲೇ ಒರಿ ಹಚ್ಚಿಸೋಣ." ಇದಕ್ಕೂ ಅವನು ಒಪ್ಪಿದ.

ಕುರುಗೋಡಿನಲ್ಲಿ ದೊಡ್ಡವ್ವನನ್ನು ಜೊತೆ ಮಾಡಿಕೊಂಡು ಸಿರುಗುಪ್ಪ ಬಸ್ಸು ಹತ್ತಿದಳು. ಹೊನ್ನೂರಮ್ಮ ಇಳಕಲ್ ಸೀರೆ ಉಟ್ಟು ಬಂದಿದ್ದಳು, ಆದರೂ ಮೈಯಿಂದ ಜೋಳದ ಹಿಟ್ಟಿನ ವಾಸನೆ ಹೋಗಿರಲಿಲ್ಲ. ದಾರಿಯುದ್ದಕ್ಕೂ ಮಷಿನ್ ಮಾತೇ. ಹಿಟ್ಟು ನಾದುವುದೂ ಅದೇ ಮಾಡುತ್ತದೆಯೋ, ಕರೆಂಟು ಹೋದರೆ ಏನು ಮಾಡುವುದು. ಹುಲುಗಮ್ಮ ಹೂಂ ಎನ್ನುತ್ತ, ತೊಡೆಯ ಮೇಲಿನ ಚೀಲದ ಬಾಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

ಅಂಗಡಿಯಲ್ಲಿ ಕೊಟ್ರಬಸಪ್ಪ ಗಾದಿಯ ಮೇಲೆ ಕುಳಿತಿದ್ದ. ಹಣೆಯ ತುಂಬ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ. ಕಟ್ಟೆಯ ಮೇಲೆ ತಕ್ಕಡಿ, ಒರೆಗಲ್ಲು, ಗಿರಾಕಿಗಳು ಮುಖ ನೋಡಿಕೊಳ್ಳುವ ಕನ್ನಡಿ. ಅವರು ಕೂಡುವಷ್ಟರಲ್ಲಿ ವಿರೂಪಾಕ್ಷಿ ಬಂದ. ಬಿಳಿ ಅಂಗಿ, ಕೈಯಲ್ಲಿ ದೊಡ್ಡ ಫೋನು, ಅತ್ತರಿನ ಘಾಟು.

"ಟೈಪ್ ಮಾಡೋ ತಂಗಿ ಇವ್ಳೇ ಏನು? ಮಾತು ಬರ್ತೈತೋ, ಇಲ್ಲಾ ಇಲ್ಲೂ ಮೆಸೇಜ್ ಕಳಿಸ್ಲೋ?" ಎಂದು ತಾನೇ ನಕ್ಕ.

ಹುಲುಗಮ್ಮ ತಲೆ ತಗ್ಗಿಸಿದಳು. ಹೊನ್ನೂರಮ್ಮ ಸೀರೆಯ ತುಂಡು ಬಿಚ್ಚಿ ಡಾಬು ಮುಂದಿಟ್ಟಳು. ಕೊಟ್ರಬಸಪ್ಪ ಒರೆಗಲ್ಲಿಗೆ ಕೈ ಚಾಚುವಷ್ಟರಲ್ಲಿ ವಿರೂಪಾಕ್ಷಿ ಡಾಬನ್ನು ಅರಿವೆಯ ಸಮೇತ ಎತ್ತಿಕೊಂಡ.

"ತಡೀರಿ ಸಾವ್ಕಾರ್ರ. ಮೊದ್ಲು ನಮ್ಮಾಕಿ ಒಪ್ಲಿ. ಒಪ್ಪದಿದ್ರ ಒರಿ ಹಚ್ಚಿ ಏನ್ ಮಾಡೋದು? ಕಾರಿನ್ಯಾಗ ಕುಂತಾಳ, ತೋರಿಸ್ಕೊಂಡ್ ಬರ್ತೀನಿ." ಹೊನ್ನೂರಮ್ಮನ ಮುಖ ನೋಡಿ ತನ್ನ ಫೋನನ್ನು ಕಟ್ಟೆಯ ಮೇಲೆ ಇಟ್ಟ. "ನಂಬಿಕಿ ಇಲ್ಲಂದ್ರ ಇಕಾ ಅಮ್ಮ, ನನ್ನ ಫೋನು ಇಲ್ಲೇ ಇರ್ಲಿ."

"ಅಯ್ಯ, ಹೋಗ್ಬರ್ರಿ," ಎಂದಳು ಹೊನ್ನೂರಮ್ಮ.

ನಾನೂ ಬರುತ್ತೇನೆ ಎನ್ನಲು ಹುಲುಗಮ್ಮನಿಗೆ ಆಗಲಿಲ್ಲ. ಎದ್ದು ಹೊಸ್ತಿಲಿಗೆ ಬಂದಳು. ಎಳನೀರಿನ ಗಾಡಿಯ ಆಚೆ ಕೆಂಪು ಕಾರು ನಿಂತಿತ್ತು, ಕರಿ ಗಾಜು. ವಿರೂಪಾಕ್ಷಿ ಸುತ್ತು ಹಾಕಿ ಆ ಕಡೆಯ ಬಾಗಿಲಿನಿಂದ ಒಳಗೆ ಕುಳಿತ. ಬಾಗಿಲು ಮುಚ್ಚಿತು. ಗಾಜಿನ ಹಿಂದೆ ಏನೂ ಕಾಣಲಿಲ್ಲ. ಅವಳು ಕಣ್ಣು ರೆಪ್ಪೆ ಬಡಿಯದೆ ನೋಡುತ್ತ ನಿಂತಳು.

ಅವನು ಬಂದು ಅರಿವೆಯ ಗಂಟನ್ನು ಹೊನ್ನೂರಮ್ಮನ ಮಡಿಲಿಗೆ ಹಾಕಿದ. "ಬ್ಯಾಡಂತ್ರಿ. ಹಳೇ ಕಾಲದ್ದು, ನಂಗೆ ಒಪ್ಪಂಗಿಲ್ಲ ಅಂದ್ಲು. ಹೆಂಗಸರ ಮನಸ್ಸು, ನಾ ಏನ್ ಮಾಡ್ಲಿ?" ಎಂದು ಫೋನ್ ಕೈಗೆತ್ತಿಕೊಂಡ.

ಹೊನ್ನೂರಮ್ಮನ ಮುಖ ಬಾಡಿತು. ಗಂಟನ್ನು ಹಾಗೆಯೇ ಚೀಲಕ್ಕೆ ಹಾಕಲು ಹೋದಳು. ಹುಲುಗಮ್ಮ ಅದನ್ನು ತೆಗೆದುಕೊಂಡು ಬಿಚ್ಚಿದಳು. ಅದೇ ಪಟ್ಟಿ, ಅದೇ ಬಿಲ್ಲೆ, ಅದೇ ಗಿಣಿ. ಆದರೂ ಏನೋ ಸರಿಯಿಲ್ಲ. ದಾರ ಉಳಿದ ಪ್ಯಾಂಟು ಕೈಗೆ ಬಂದಾಗ ಆಗುವಂತೆ ಅವಳ ಕಣ್ಣು ಅಲ್ಲೇ ಸಿಕ್ಕಿಕೊಂಡಿತು. ಡಾಬನ್ನು ನಡುವಿಗೆ ಹಿಡಿದು ನೋಡಿದಳು.

ಗಿಣಿಯ ಕೊಕ್ಕು ಅವಳ ಎಡಗೈ ಕಡೆಗಿತ್ತು.

"ಇದು ನಮ್ಮದಲ್ಲ," ಎಂದಳು.

ಯಾರಿಗೂ ಕೇಳಲಿಲ್ಲ. ವಿರೂಪಾಕ್ಷಿ ಚಪ್ಪಲಿ ಮೆಟ್ಟುತ್ತಿದ್ದ. ಸಾಲೆಯ ಹಿಂದಿನ ಬೆಂಚಿನ ನಗು ಎಲ್ಲಿಂದಲೋ ಬಂತು. ಅವನು ಒಂದು ಕಾಲು ಹೊಸ್ತಿಲ ಹೊರಗಿಟ್ಟ.

"ಅಣ್ಣ, ನಿಲ್ರಿ! ಇದು ನಮ್ಮ ಡಾಬಲ್ಲ!"

ಎಳನೀರಿನವನೂ ತಿರುಗಿ ನೋಡಿದ. ವಿರೂಪಾಕ್ಷಿ ಒಳಗೆ ಬಂದ.

"ಏನಂದಿ?"

"ನಮ್ಮದು ಬಲಕ್ಕ ನೋಡೋ ಗಿಣಿ. ಇದು ಎಡಕ್ಕ ನೋಡ್ತೈತಿ."

"ಗಿಣಿ ಆ ಕಡಿ ನೋಡ್ತೈತಿ, ಈ ಕಡಿ ನೋಡ್ತೈತಿ... ಏನು ಕಣಿ ಹೇಳಾಕ ಬಂದೀಯೇನು? ಸಾವ್ಕಾರ್ರ, ಒರಿ ಹಚ್ಚಿ ನೋಡ್ರಿ. ಇವ್ರ ಬಣ್ಣ ಈಗ ಗೊತ್ತಾಕ್ಕೈತಿ."

ಕೊಟ್ರಬಸಪ್ಪ ಡಾಬಿನ ಅಂಚನ್ನು ಕಲ್ಲಿಗೆ ಉಜ್ಜಿ, ದ್ರಾವಣದ ಹನಿ ಬಿಟ್ಟು, ಬೆಳಕಿಗೆ ಹಿಡಿದ. ಕನ್ನಡಕದ ಮೇಲಿಂದ ಹೊನ್ನೂರಮ್ಮನನ್ನು ನೋಡಿದ.

"ತಾಯಿ, ಇದು ಬೆಳ್ಳಿ ಅಲ್ಲ. ಹಿತ್ತಾಳಿ ಮ್ಯಾಲ ಬೆಳ್ಳಿ ನೀರು ಕುಡಿಸ್ಯಾರ."

"ಕೇಳಿದ್ರೇನು!" ವಿರೂಪಾಕ್ಷಿ ತೊಡೆ ತಟ್ಟಿದ. ಬಾಗಿಲಲ್ಲಿ ಜನ ಸೇರತೊಡಗಿದ್ದರು. "ನಮ್ಮಾಕಿ ಕೈಯಾಗ ಹಿಡಿದ ಕೂಡ್ಲೇ ಬ್ಯಾಡ ಅಂದ್ಲು. ಈಗ ಸಿಕ್ಕಿಬಿದ್ವಿ ಅಂತ ನನ್ನ ಮ್ಯಾಲ ಹಾಕಾಕತ್ತಾರ. ಪೊಲೀಸರನ್ನ ಕರೀಲೇನು? ಇಬ್ಬರದೂ ಫೋಟೋ ತೆಗೆದು ಹಾಕ್ತೀನಿ, ಮೋಸಗಾತಿಯರು ಅಂತ ಜಿಲ್ಲಾನ ನೋಡ್ಲಿ!"

"ಏ ಯಪ್ಪಾ, ನಾವ್ ಅಂಥೋರಲ್ಲ," ಎಂದಳು ಹೊನ್ನೂರಮ್ಮ.

"ಅಂಥೋರಲ್ಲಾ? ಇಲ್ನೋಡ್ರಿ ಸಾವ್ಕಾರ್ರ, ಆಕೀನೇ ಕಳಿಸಿದ ಫೋಟೋ." ಅವನು ಫೋನ್ ತೆರೆದು ಕೊಟ್ರಬಸಪ್ಪನ ಕೈಗೆ ಕೊಟ್ಟ. "ಪಕ್ಕದಾಗ ಇಟ್ಟು ನೋಡ್ರಿ. ಗಿಣಿ ಯಾವ ಕಡಿ ಐತಿ? ಎರಡೂ ಒಂದೇ ಹೌದೋ ಅಲ್ಲೋ?"

ಕೊಟ್ರಬಸಪ್ಪ ಡಾಬನ್ನೂ ಫೋನನ್ನೂ ಪಕ್ಕ ಪಕ್ಕ ಇಟ್ಟ. ಎರಡು ಗಿಣಿಗಳೂ ಒಂದೇ ಕಡೆ ನೋಡುತ್ತಿದ್ದವು. ಬಾಗಿಲಲ್ಲಿದ್ದವರಲ್ಲಿ ಯಾರೋ ಛೀ ಎಂದರು. ಹೊನ್ನೂರಮ್ಮ ಬಗ್ಗಿ ನೋಡಿದಳು, ಮತ್ತೆ ನೋಡಿದಳು, ಆಮೇಲೆ ಹುಲುಗಮ್ಮನ ಕಡೆ ತಿರುಗಿದಳು. ಆ ಕಣ್ಣುಗಳಲ್ಲಿದ್ದುದನ್ನು ಹುಲುಗಮ್ಮ ಹಿಂದೆಂದೂ ಕಂಡಿರಲಿಲ್ಲ.

"ಫೋಟೋದಾಗೂ ಹಂಗ ಐತಲ್ಲವಾ ಹುಲುಗಿ? ನನ್ನ ಡಾಬು ಏನ್ ಮಾಡಿದಿ?"

ಹುಲುಗಮ್ಮ ಫೋನಿನ ಮೇಲೆ ಬಗ್ಗಿದಳು. ತಾನೇ ತೆಗೆದ ಫೋಟೋ, ತನ್ನದೇ ನಡು, ತನ್ನದೇ ಹಸಿರು ಚೂಡಿದಾರ. ಹಿಂದೆ ತನ್ನದೇ ಮನೆಯ ಗೋಡೆ. ಗೋಡೆಯ ಮೇಲೆ ಕ್ಯಾಲೆಂಡರ್.

ಕ್ಯಾಲೆಂಡರ್.

"ಸಾವ್ಕಾರ್ರ," ಎಂದಳು. "ಆ ಫೋಟೋದಾಗ ಹಿಂದ ಕ್ಯಾಲೆಂಡರ್ ಐತಿ. ಏನ್ ಬರದೈತಿ ಸ್ವಲ್ಪ ಓದ್ರಿ."

"ಇದೇನು ಸಾಲಿ ನಡಿಸಾಕತ್ತೀಯೇನು?" ವಿರೂಪಾಕ್ಷಿ ಫೋನಿಗೆ ಕೈ ಚಾಚಿದ. ಕೊಟ್ರಬಸಪ್ಪ ಕೈ ಹಿಂದಕ್ಕೆ ಎಳೆದುಕೊಂಡ. ಕನ್ನಡಕ ಸರಿಮಾಡಿ ಫೋನನ್ನು ಹತ್ತಿರ ಹಿಡಿದ, ದೂರ ಹಿಡಿದ.

"ಓದಾಕ ಬರವಲ್ದು. ಅಕ್ಷರ ಎಲ್ಲಾ ಉಲ್ಟಾ ಅದಾವ."

"ನಾನು ಬೀರುವಿನ ಕನ್ನಡಿ ಮುಂದ ನಿಂತು ತೆಗದೀನ್ರಿ. ಮುಖ ಕಾಣಬಾರ್ದು ಅಂತ. ನಿಮ್ಮ ಕನ್ನಡಿಗೆ ಹಿಡೀರಿ ಆ ಫೋನು."

ಕೊಟ್ರಬಸಪ್ಪ ಫೋನನ್ನು ಕಟ್ಟೆಯ ಮೇಲಿನ ಕನ್ನಡಿಗೆ ಹಿಡಿದ. ಕನ್ನಡಿಯೊಳಗೆ ಕ್ಯಾಲೆಂಡರಿನ ಅಕ್ಷರಗಳು ನೆಟ್ಟಗಾದವು. ಅವುಗಳ ಜೊತೆಗೇ ಗಿಣಿಯೂ ಮುಖ ತಿರುಗಿಸಿತು.

ಬಾಗಿಲಲ್ಲಿದ್ದವರು ಒಳಗೆ ಬಗ್ಗಿ ಕನ್ನಡಿ ನೋಡಿದರು.

"ಗಂಡನ ಕಡಿ!" ಹೊನ್ನೂರಮ್ಮ ಎದೆಗೆ ಕೈ ಇಟ್ಟುಕೊಂಡಳು. "ಇದು ನಂದು! ಇದು ನನ್ನ ಗಿಣಿ!"

"ನಮ್ಮದು ಕನ್ನಡಿಯಾಗ ಎಡಕ್ಕ ಬಿದ್ದೈತಿ," ಹುಲುಗಮ್ಮ ಹೇಳಿದಳು. "ಇವ್ರು ಅದನ್ನ ನೋಡಿ ಹಂಗ ಮಾಡಿಸ್ಯಾರ. ಈ ಫೋಟೋ ನಾನು ಇವ್ರಿಗೆ ಬಿಟ್ರ ಯಾರಿಗೂ ಕಳಿಸಿಲ್ಲ."

ಕೊಟ್ರಬಸಪ್ಪ ಕಟ್ಟೆಯ ಮೇಲಿದ್ದ ಡಾಬನ್ನು ಮತ್ತೆ ನೋಡಿದ. "ನಾನೂ ಅದನ್ನ ಅಂದ್ಕೊಂಡೆ. ಗಂಡಗ ಬೆನ್ನು ಮಾಡೋ ಗಿಣೀನ ಯಾವ ಪುಣ್ಯಾತ್ಮ ಕೊರೆದಾನ ಅಂತ."

"ಏ, ಫೋನ್ ಕೊಡ್ರಿ ಇಲ್ಲಿ! ಹುಚ್ಚು ಹುಡುಗಿ ಮಾತು ಕಟ್ಕೊಂಡು..." ವಿರೂಪಾಕ್ಷಿ ಕಟ್ಟೆಯ ಮೇಲೆ ಬಾಗಿದ.

"ಅಡ ಇಟ್ಟಿದ್ದಿ ಅಲ್ಲೋ ನೀನಾ? ಇರ್ಲಿ ತಡಿ," ಎಂದು ಕೊಟ್ರಬಸಪ್ಪ ಫೋನನ್ನು ಗಾದಿಯ ಕೆಳಗೆ ತಳ್ಳಿ ಅದರ ಮೇಲೆ ಕುಳಿತುಬಿಟ್ಟ.

ಅವರು ಜಗ್ಗಾಡುತ್ತಿರುವಾಗಲೇ ಹುಲುಗಮ್ಮ ಹೊಸ್ತಿಲು ದಾಟಿದ್ದಳು. ಜನರ ನಡುವೆ ದಾರಿ ಮಾಡಿಕೊಂಡು, ಎಳನೀರಿನ ಗಾಡಿ ಸುತ್ತಿ, ಕಾರಿನ ಕರಿ ಗಾಜಿಗೆ ಬೆರಳ ಗೆಣ್ಣಿನಿಂದ ಬಡಿದಳು. ಒಳಗೆ ಯಾರೂ ಇಲ್ಲದಿದ್ದರೆ? ಡಾಬು ಆಗಲೇ ಬೇರೆ ಯಾರದೋ ಕೈ ದಾಟಿದ್ದರೆ? ಮತ್ತೆ ಬಡಿದಳು.

ಗಾಜು ಕೆಳಗಿಳಿಯಿತು. ಒಳಗೆ ದುಂಡು ಮುಖದ ಹೆಣ್ಣುಮಗಳೊಬ್ಬಳು ಕುಳಿತಿದ್ದಳು. ತಲೆಯಲ್ಲಿ ಕನಕಾಂಬರ. ನಡುವಿನಲ್ಲಿ ಡಾಬು. ಬಿಲ್ಲೆಯ ಮೇಲಿನ ಗಿಣಿ ಬಲಗಡೆಯ ಖಾಲಿ ಡ್ರೈವರ್ ಸೀಟನ್ನು ನೋಡುತ್ತಿತ್ತು.

"ನಿಂದೇನಮ್ಮ ಇದು? ಭಾಳ ಚಲೋ ಐತಿ," ಎಂದು ಅವಳೇ ಮೊದಲು ಮಾತಾಡಿದಳು. "ಹಾಕ್ಕೊಂಡಿದ್ದು ತಗಿಯಾಕ ಮನಸ್ಸಾಗವಲ್ದು. ನಮ್ಮನಿಯವ್ರು ರೊಕ್ಕ ಕೊಟ್ರೇನು?"

ಹುಲುಗಮ್ಮನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. "ಅಕ್ಕ, ನೀವು ಬ್ಯಾಡ ಅಂದ್ರಿ ಅಂತ ಹೇಳಿ ಅವ್ರು ಬ್ಯಾರೇ ಡಾಬು ಕೊಟ್ಟಾರ. ಹಿತ್ತಾಳಿದು."

"ನಾ ಬ್ಯಾಡ ಅಂದೆ ಅಂತ?"

"ಹೂಂ."

ಅವಳು ಅಂಗಡಿಯ ಕಡೆ ನೋಡಿದಳು. ಅಲ್ಲಿಂದ ಗಂಡನ ಕೂಗಾಟ ಕೇಳುತ್ತಿತ್ತು. ಯಾಕೆ, ಏನು ಎಂದು ಅವಳು ಕೇಳಲಿಲ್ಲ. ಕೇಳದಿದ್ದುದನ್ನು ಹುಲುಗಮ್ಮ ಗಮನಿಸಿದಳು. ಅವಳ ಬೆರಳುಗಳು ಕೊಂಡಿಯನ್ನು ಹುಡುಕಿದವು, ಸಿಗಲಿಲ್ಲ, ಮತ್ತೆ ಹುಡುಕಿದವು. ಅಷ್ಟರಲ್ಲಿ ಏದುಸಿರು ಬಿಡುತ್ತ ಹೊನ್ನೂರಮ್ಮ ಬಂದಳು. ಕಿಟಕಿಯೊಳಗೆ ಕೈ ಹಾಕಿ, ವರ್ಷಗಟ್ಟಲೆ ಮಾಡಿದ ಅಭ್ಯಾಸದಿಂದ ಒಂದೇ ಸಲಕ್ಕೆ ಕೊಂಡಿ ಬಿಚ್ಚಿದಳು.

"ನಿನ್ನ ನಡಕ್ಕ ಚಲೋ ಒಪ್ಪಿತ್ತವಾ," ಎಂದಳು, ಮೆಲ್ಲಗೆ.

ಒಳಗಿದ್ದವಳು ಗಾಜು ಏರಿಸಿದಳು.

ಡಾಬು ಕೈಗೆ ಸಿಕ್ಕಿತ್ತು. ಕೊಟ್ರಬಸಪ್ಪ ಒರೆ ಹಚ್ಚಿ, "ಅಪ್ಪಟ" ಎಂದ. ಹಿತ್ತಾಳೆಯದನ್ನೂ ಫೋನನ್ನೂ ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ವಿರೂಪಾಕ್ಷಿ ಈಗ ಕೂಗುತ್ತಿರಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಕುಳಿತು, "ನಿಮ್ದು ನಿಮಗ ಸಿಕ್ತಲ್ಲಮ್ಮ, ಇಲ್ಲಿಗೆ ಬಿಡ್ರಿ, ನಾವೂ ಸಂಸಾರಸ್ಥರು" ಎಂದು ಹೊನ್ನೂರಮ್ಮನ ಮುಂದೆ ಕೈ ಮುಗಿಯುತ್ತಿದ್ದ. ಬಾಗಿಲಲ್ಲಿದ್ದ ಇಬ್ಬರು ಗಂಡಸರು ಅವನು ಎದ್ದು ಹೋಗದಂತೆ ಅಡ್ಡ ನಿಂತಿದ್ದರು.

"ಮುಂದ ಏನ್ ಮಾಡ್ತೀರಿ ತಾಯಿ?" ಕೊಟ್ರಬಸಪ್ಪ ಕೇಳಿದ. "ಠಾಣಿಗೆ ಹೋಗೋದಾದ್ರ ನಾ ಬರ್ತೀನಿ. ಆದ್ರ ಎಲ್ಲಾನೂ ಮೊದಲಿಂದ ಹೇಳ್ಬೇಕಾಕ್ಕೈತಿ. ಕೇಳ್ತಾರ, ಬರಸ್ತಾರ, ಮತ್ತ ಕೇಳ್ತಾರ."

ಹೊನ್ನೂರಮ್ಮ ಕಾರಿನ ಕರಿ ಗಾಜನ್ನು ನೋಡಿದಳು, ಸ್ಟೂಲಿನ ಮೇಲಿದ್ದವನನ್ನು ನೋಡಿದಳು. "ಬ್ಯಾಡ ಬಿಡವಾ ಹುಲುಗಿ. ಸಿಕ್ಕೈತಿ, ಸಾಕು. ಬಸ್ಸು ಹೋಗಿಬಿಡ್ತೈತಿ. ಅಲ್ಲಿ ಯಾರು ಮಾತಾಡಬೇಕು?"

ಹುಲುಗಮ್ಮ ವಿರೂಪಾಕ್ಷಿಯ ಕಡೆ ನೋಡಿದಳು. ಅವನ ಫೋನಿನೊಳಗೆ ಇನ್ನೂ ಎಷ್ಟು ಜನರ ಡಾಬು, ಎಷ್ಟು ಜನರ ಬಳೆ, ಕನ್ನಡಿ ಮುಂದೆ ನಿಂತ ಎಷ್ಟು ಹುಡುಗಿಯರು ಇದ್ದಾರೋ ಯಾರಿಗೆ ಗೊತ್ತು.

"ಮುಂದಿನ ಬಸ್ಸಿಗೆ ಹೋಗೋಣು ದೊಡ್ಡವ್ವ," ಎಂದಳು. "ನಾ ಮಾತಾಡ್ತೀನಿ."

ಹೊನ್ನೂರಮ್ಮ ಡಾಬನ್ನು ಚೀಲಕ್ಕೆ ಹಾಕದೆ ಇಳಕಲ್ ಸೀರೆಯ ಮೇಲೆ ಬಿಗಿದು ಕೊಂಡಿ ಹಾಕಿಕೊಂಡಳು. ಮೇಲೆ ಸೆರಗು ಹೊದ್ದಳು.

"ಚೀಲ ಬ್ಯಾಡ ಇನ್ನ. ಅದರ ಮ್ಯಾಲ ನಂಬಿಕಿ ಇಲ್ಲ," ಎಂದಳು. ಬಿಲ್ಲೆಯ ಮೇಲೆ ಕೈ ಇಟ್ಟುಕೊಂಡು, "ಆಗ ನಿನಗ ಹಂಗ ಕೇಳಬಾರ್ದಿತ್ತು ನಾನು," ಎಂದಳು.

ಎಲ್ಲರೂ ಠಾಣೆಯ ಕಡೆ ಹೊರಟರು. ಪೆಟ್ಟಿಗೆ ಹಿಡಿದ ಕೊಟ್ರಬಸಪ್ಪ ಮುಂದೆ, ಇಬ್ಬರು ಗಂಡಸರ ನಡುವೆ ವಿರೂಪಾಕ್ಷಿ ಅವನ ಹಿಂದೆ. ಬಿಸಿಲಿನಲ್ಲಿ ರಸ್ತೆ ದಾಟುವಾಗ ಹುಲುಗಮ್ಮ ದೊಡ್ಡವ್ವನ ಬಲಗೈ ಹಿಡಿದುಕೊಂಡಳು. ಠಾಣೆಯಲ್ಲಿ ಮೊದಲು ಹೇಳಬೇಕಾದ ಮಾತನ್ನು ತುಟಿಯೊಳಗೇ ಒಂದು ಸಲ ಹೇಳಿಕೊಂಡಳು, ಆಮೇಲೆ ಇನ್ನೊಂದು ಸಲ, ಸ್ವಲ್ಪ ಜೋರಾಗಿ.